ಲಕ್ಷ್ಮಮ್ಮನ ವನ್ಸ್ ಮೋರ್

ಎಗ್ಮೋರಿನ ಕನ್ನಡ ಗೆಳೆಯರ ಕೂಟದಲ್ಲಿ ಸದಸ್ಯರೆಲ್ಲ ಒಪ್ಪುವ ಸಂಗತಿ ಒಂದೇ ಒಂದು. ಮಿಕ್ಕ ಎಲ್ಲಕ್ಕೂ ಜಗಳ. ಯುಗಾದಿಗೆ ಹೋಳಿಗೆಯೋ ಪಾಯಸವೋ ಎಂಬುದಕ್ಕೂ ಅಲ್ಲಿ ಎರಡು ಬಣ ಏಳುತ್ತವೆ. ಆದರೆ 1979ರಲ್ಲಿ ಲಕ್ಷ್ಮಮ್ಮ ಮಾಡಿದ ‘ಹೇಮಗಿರಿಯ ರಾಣಿ’ಯಂಥ ಪಾತ್ರ ಮದರಾಸಿನಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ ಅಂದರೆ ಸಾಕು, ಎರಡೂ ಬಣದವರು ತಲೆದೂಗುತ್ತಾರೆ. ಕಣ್ಣಾರೆ ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಹೋಗಿಬಿಟ್ಟರು. ನೋಡದವರದ್ದೇ ಈಗ ಹೆಚ್ಚು ವರ್ಣನೆ.

ಹಳೆಯ ಕಂಪನಿ ಕಾಲದ ದುರಂತ ನಾಟಕ ಅದು. ರಾಣಿ ಕನಕಾಂಬೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಹದಿನಾರು ವರ್ಷದ ಒಬ್ಬನೇ ಮಗನನ್ನು ತಾನೇ ಯುದ್ಧಕ್ಕೆ ಕಳಿಸುತ್ತಾಳೆ. ನಾಲ್ಕನೇ ಅಂಕದಲ್ಲಿ ದೂತ ಓಲೆ ತರುತ್ತಾನೆ: ಮಗ ಬಿದ್ದಿದ್ದಾನೆ, ಇನ್ನೂ ಉಸಿರಿದೆ. ರಾಣಿ ಓಲೆ ಓದಿ, ಹರಿದೆಸೆದು, ರಣರಂಗಕ್ಕೆ ಓಡಲು ಹೊರಡುತ್ತಾಳೆ. ಅವಳನ್ನು ಬಿಡಬಾರದೆಂದು ಅರಸನ ಆಣೆ. ಇಬ್ಬರು ಸಖಿಯರು ಎರಡು ಕಡೆಯಿಂದ ತೋಳು ಹಿಡಿದು ನಿಲ್ಲಿಸುತ್ತಾರೆ. ಅವಳು ಕೊಸರಾಡಿ ಕೊಸರಾಡಿ ಕುಸಿಯುತ್ತಾಳೆ. ಹತ್ತು ಹನ್ನೆರಡು ನಿಮಿಷದ ದೃಶ್ಯ. ಆ ಸಂಜೆ ಅದು ಮುಗಿದಾಗ ಸಭೆ ಎದ್ದು ನಿಂತು ‘ವನ್ಸ್ ಮೋರ್’ ಎಂದು ಕೂಗಿತು. ಸಭೆ ಹಾಗೆ ಕೂಗಿದರೆ ಪರದೆ ಮತ್ತೆ ಮೇಲೇಳಬೇಕು, ದೃಶ್ಯವನ್ನು ಮೊದಲಿಂದ ಆಡಬೇಕು. ಕಂಪನಿಗಳು ಬಿಟ್ಟುಹೋದ ಪದ್ಧತಿ ಅದು. ಲಕ್ಷ್ಮಮ್ಮ ಮತ್ತೆ ಆಡಿದಳು. ಎರಡನೆಯ ಸಲದ ಅಳುವಿನ ಮುಂದೆ ಮೊದಲನೆಯದು ಏನೂ ಅಲ್ಲ ಎಂದು ಜನ ಇವತ್ತಿಗೂ ಹೇಳುತ್ತಾರೆ.

ಲಕ್ಷ್ಮಮ್ಮನ ಮಗಳು ಉಷಾ ಆ ಸಂಜೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲು ಹರಿಯುವ ಹಾಗೆ ‘ವನ್ಸ್ ಮೋರ್’ ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಅವಳೇ. ಇದನ್ನು ಅವಳು ನಲವತ್ತೈದು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಏಕೆಂದರೆ ಅದೇ ಹೊತ್ತಿಗೆ, ಆ ಸಭಾಂಗಣದಿಂದ ಹತ್ತು ನಿಮಿಷ ನಡೆದರೆ ಸಿಗುವ, ಊರವರು ಬರೀ ‘ಎಗ್ಮೋರ್’ ಎಂದೇ ಕರೆಯುವ ಮಕ್ಕಳ ಆಸ್ಪತ್ರೆಯಲ್ಲಿ, ಅವಳ ತಮ್ಮ ಸುಜಯೀಂದ್ರ ಜೀವ ಬಿಡುತ್ತಿದ್ದ. ನಾಲ್ಕು ವರ್ಷದ ಕೂಸು. ಬೆಳಿಗ್ಗೆ ಮೈ ಸ್ವಲ್ಪ ಬಿಸಿ ಇತ್ತು ಅಷ್ಟೇ. ಎದುರುಮನೆ ಮಾಮಿ, “ನೀ ಹೋಗಿಟ್ಟು ಬಾ, ನಾ ನೋಡ್ಕೊಳ್ತೇನೆ” ಎಂದಿದ್ದರು. ಸಂಜೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಮಾಮಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಅಲ್ಲಿಂದ ಸಭಾಂಗಣಕ್ಕೆ ಚೀಟಿ ಕಳಿಸಿದರು.

ಅಪ್ಪ ಬದರಿನಾಥ ಬ್ಯಾಂಕಿನ ಟ್ರೈನಿಂಗಿಗೆಂದು ಹೈದರಾಬಾದಿಗೆ ಹೋಗಿದ್ದರು. ಮಾರನೇ ದಿನ ಬಂದವರು ಹೆಂಡತಿಯನ್ನು ಒಂದೇ ಪ್ರಶ್ನೆ ಕೇಳಿದರು: “ಚೀಟಿ ನಿನ್ನ ಕೈಗೆ ಬಂತಾ? ಓದಿದ್ಯಾ?” ಅಮ್ಮ, “ಬಂತು, ಸ್ಟೇಜ್ ಮೇಲೆ ಬಂತು. ಓದಿದೆ” ಎಂದಳು. ಮುಂದೆ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಮೂವತ್ತೇಳು ವರ್ಷ ಇದ್ದರು. ಮಾತು ಅಂದರೆ ಊಟಕ್ಕೆ ಬನ್ನಿ, ಗ್ಯಾಸ್ ಮುಗಿಯಿತು, ಅಷ್ಟೇ. ಅಮ್ಮ ಹೋಗಿ ಐದು ವರ್ಷದ ಮೇಲೆ ಅಪ್ಪ ಹೋದರು. ಕೊನೆಯ ದಿನ ಉಷಾಳ ಕೈ ಹಿಡಿದು, “ಚಪ್ಪಾಳೆ ನಿಲ್ಲಿಸಕ್ಕೆ ಹೇಳೇ, ತಡೆಯಕ್ಕಾಗಲ್ಲ” ಎಂದರು. ಮನೆಯಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಉಷಾ ಅಪ್ಪನ ಪಕ್ಷ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಚಪ್ಪಾಳೆಯ ಆಸೆಗೆ ಮಗನನ್ನು ಬಿಟ್ಟವಳು ಎಂದು ಅವಳು ಅಮ್ಮನ ಮೇಲೆ ಹಲ್ಲು ಕಚ್ಚಿಕೊಂಡೇ ಬೆಳೆದಳು. ಹಾಗೆ ಅಂದುಕೊಂಡಷ್ಟು ದಿನ ಕುರ್ಚಿಯ ಮೇಲೆ ನಿಂತು ಕೂಗಿದ ಹುಡುಗಿಯ ಬಗ್ಗೆ ಯೋಚಿಸಬೇಕಾಗಿರಲಿಲ್ಲ. ಆದರೆ ಇಬ್ಬರೂ ಹೋದ ಮೇಲೆ ಆ ಪ್ರಶ್ನೆ ಅವಳ ಬೆನ್ನು ಹತ್ತಿತು. ಇನ್ನೂ ಉಸಿರಿರುವ ಮಗ ಕರೆಯುತ್ತಿದ್ದಾನೆ ಎಂದು ಓದಿದ ಮೇಲೂ ಒಬ್ಬ ತಾಯಿ ಪೂರ್ತಿ ದೃಶ್ಯ ಆಡಲು ಸಾಧ್ಯವಾ? ಅಮ್ಮ ಆಡಿದಳಾ?

ಹೀಗಿರುವಾಗ ಕೂಟದ ಕಾರ್ಯದರ್ಶಿ ಶ್ರೀಕಾಂತ್ ಬಂದ. ಉಷಾ ಕೆಲಸ ಮಾಡುವ ವಿಮಾ ಕಚೇರಿಯಲ್ಲೇ ಅವನೂ ಇದ್ದಾನೆ. ಉತ್ಸಾಹ ಹೆಚ್ಚು, ವಿವೇಕ ಅಷ್ಟಕ್ಕಷ್ಟೆ.

“ಮೇಡಂ, ಕೂಟಕ್ಕೆ ಐವತ್ತು ವರ್ಷ. ಆ ಒಂದು ಸೀನ್ ಮಾತ್ರ ಮಾಡೋಣ. ಡೈರೆಕ್ಷನ್ ನೀವೇ. ನೀವು ಬಿಟ್ಟು ಇನ್ಯಾರಿಗೆ ಹಕ್ಕಿದೆ ಹೇಳಿ? ಇನ್ವಿಟೇಷನ್‌ನಲ್ಲಿ ‘ಲಕ್ಷ್ಮಮ್ಮನ ವನ್ಸ್ ಮೋರ್ ನೆನಪಿನಲ್ಲಿ’ ಅಂತ ಹಾಕೋಣ.”

ಬೇರೆ ದಿನವಾಗಿದ್ದರೆ ಉಷಾ ಅವನಿಗೆ ಛೀಮಾರಿ ಹಾಕಿ ಕಳಿಸುತ್ತಿದ್ದಳು. ಆ ದಿನ “ಆಗಲಿ” ಎಂದಳು. ದೃಶ್ಯವನ್ನು ಮತ್ತೆ ನಿಲ್ಲಿಸಿ ನೋಡಿದರೆ, ಅಮ್ಮ ಅಲ್ಲಿ ಏನು ಮಾಡಿದಳು ಎಂಬುದು ಗೊತ್ತಾಗಬಹುದು ಎಂಬ ಆಸೆ.

ಪುಸ್ತಕ ಸಿಗಬೇಕಲ್ಲ! ಕೂಟದ ಬೀರು 2015ರ ಪ್ರವಾಹದಲ್ಲಿ ಮುಳುಗಿ, ಒಳಗಿದ್ದದ್ದೆಲ್ಲ ಅಂಟಾಗಿ ಹೋಗಿತ್ತು. ಮೈಸೂರಿನ ಒಂದು ಗ್ರಂಥಾಲಯದಿಂದ ಶ್ರೀಕಾಂತ್ ಸ್ಕ್ಯಾನ್ ತರಿಸಿದ. ಅದರಲ್ಲಿ ನಾಲ್ಕನೇ ಅಂಕದ ಕೊನೆಯ ಎರಡು ಪುಟ ಇರಲಿಲ್ಲ. ರಾಣಿ ಓಲೆ ಬಿಚ್ಚುವಲ್ಲಿಗೆ ನಾಟಕ ನಿಂತುಹೋಗಿತ್ತು. ಇದ್ದಷ್ಟನ್ನೇ ಇಟ್ಟುಕೊಂಡು ಶನಿವಾರ ಬೆಳಗಿನ ಹೊತ್ತು ಕೂಟದ ಮಹಡಿಯ ಮೇಲೆ ತಾಲೀಮು ಶುರುವಾಯಿತು. ಕಿಟಕಿಯಾಚೆ ರೈಲು ಬರುವ ಹೋಗುವ ಅನೌನ್ಸ್‌ಮೆಂಟು, ಒಳಗೆ ರಾಣಿ ಕನಕಾಂಬೆ.

ರಾಣಿಯ ಪಾತ್ರಕ್ಕೆ ಸಿಕ್ಕವಳು ಅಕ್ಷಯಾ. ಶೋಳಿಂಗನಲ್ಲೂರಿನ ಐಟಿ ಕಂಪನಿಯಲ್ಲಿ ಕೆಲಸ, ಇಪ್ಪತ್ತಾರು ವರ್ಷ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಇವಳದ್ದು ತಮಿಳಿನಲ್ಲಿ ಉತ್ತರ. ಕನ್ನಡ ಓದಲು ಬಾರದು. ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಫೋನಿನಲ್ಲಿ ಬರೆದುಕೊಂಡಿದ್ದಳು. ಆದರೂ ದನಿ ಎತ್ತಿದರೆ ಎದೆಗೆ ನಾಟುತ್ತಿತ್ತು. ಕೊಟ್ಟವನು ಕೊಟ್ಟ ಕಡೆಗೇ ಕೊಡುತ್ತಾನೆ, ಏನು ಮಾಡುವುದು.

ಮೂರನೇ ಶನಿವಾರ. ಅಕ್ಷಯಾ ಓಲೆ ಬಿಚ್ಚಿದಳು. ಅಲ್ಲಿಗೆ ಅವಳ ಮಾತು ಮುಗಿಯಬೇಕು. ಮುಗಿಯಲಿಲ್ಲ. ಅವಳು ಬಲಗಡೆಯ ಗೋಡೆಯತ್ತ ಕಿವಿ ಕೊಟ್ಟು ನಿಂತಳು. ಆಮೇಲೆ ನಿಧಾನವಾಗಿ, “ಒಯ್ಯಿರಿ ನನ್ನನ್ನು ರಣರಂಗಕ್ಕೆ” ಎಂದಳು.

“ಆ ಮಾತು ಎಲ್ಲಿತ್ತೇ?” ಉಷಾ ಕೇಳಿದಳು.

“ಆ ಕಡೆಯಿಂದ ಲೈನ್ ಕೊಟ್ರಲ್ಲ ಆಂಟಿ?”

“ನಾನು ಇಲ್ಲಿ ಎದುರಿಗೆ ಕೂತಿದೀನಿ.”

ಅಕ್ಷಯಾ ಗೋಡೆಯ ಕಡೆ ಮತ್ತೊಮ್ಮೆ ನೋಡಿದಳು. “ಸತ್ಯಮಾ ಆಂಟಿ, ಯಾರೋ ಗಂಡಸರ ವಾಯ್ಸ್. ‘ರಣರಂಗಕ್ಕೆ, ರಣರಂಗಕ್ಕೆ’ನ್ನು ಹೇಳ್ತಾನೇ ಇದ್ರು. ಕೊಂಜ ಕೋಪವಾ ಇದ್ದಾಂಗೆ.”

ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ಯಾರೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಬಲಗಡೆ ಇದ್ದದ್ದು ಬರೀ ಗೋಡೆ. ಉಷಾ ಹಾಳೆಗಳನ್ನು ಮಡಚಿಟ್ಟು “ಸಾಕು, ಕಾಫಿ ಕುಡಿಯೋಣ” ಎಂದಳು. ಆ ವಾರವಿಡೀ ಅವಳಿಗೆ ಮನೆಯಲ್ಲಿ ಅಮ್ಮ ಸುಳಿದಾಡಿದ ಹಾಗೆ ಆಗುತ್ತಿತ್ತು. ಅಡುಗೆಮನೆಗೆ ಹೋದರೆ ಹಿಂದೆ ಯಾರೋ ಬಂದು ನಿಂತಂತೆ. ಬಾಗಿಲ ಚಿಲಕ ತಾನಾಗಿ ಅಲುಗಿದಂತೆ. ಎರಡು ಸಲ ಎದ್ದುಹೋಗಿ ನೋಡಿದಳು, ಬಾಗಿಲು ಭದ್ರವಾಗಿಯೇ ಇತ್ತು.

ಮುಂದಿನ ಶನಿವಾರ ಪಾವನಾ ಒಂದು ಸುದ್ದಿ ಹೇಳಿದಳು. ಸಖಿಯರಲ್ಲಿ ಒಬ್ಬಳ ಪಾತ್ರ ಅವಳದ್ದು, ಪೆರಂಬೂರಿನ ಹುಡುಗಿ.

“ಆಂಟಿ, ನಮ್ಮ ತಾತನ ಹತ್ತಿರ ಆ ಬುಕ್ ಇದೆ. ಟ್ರಂಕಲ್ಲಿ ಇಟ್ಟಿದಾರೆ. ಕೇಳಿದ್ರೆ ಇಲ್ಲ ಅಂತಾರೆ, ಆದರೆ ನಾನು ನೋಡಿದೀನಿ.”

ಪಾವನಾಳ ತಾತ ಗುಂಡಣ್ಣ. ರೈಲ್ವೆ ಕಾರ್ಖಾನೆಯಲ್ಲಿದ್ದವರು, ಮೈಸೂರು ಕಡೆಯವರು, ಕೂಟದ ನಾಟಕಗಳಿಗೆಲ್ಲ ಅವರೇ ಪ್ರಾಂಪ್ಟರ್. ಬಲಗಡೆಯ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತರೆ ಸತ್ತವನೂ ಮಾತು ಮರೆಯಬಾರದು, ಹಾಗೆ ಲೈನ್ ಕೊಡುತ್ತಿದ್ದರಂತೆ. ಉಷಾಳಿಗೆ ಆಗ ಹೊಳೆಯಿತು: ಈ ಮನುಷ್ಯ ಇಷ್ಟು ವರ್ಷದಲ್ಲಿ ಒಮ್ಮೆಯೂ ತನ್ನ ಹತ್ತಿರ ಮಾತಾಡಿಲ್ಲ. ಓಡಾಡುತ್ತಿದ್ದ ಕಾಲದಲ್ಲಿ, ತಾನು ಬಂದು ಕೂತರೆ ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇರಬೇಕು ಎಂದುಕೊಂಡು ಅವಳು ಭಾನುವಾರ ಬೆಳಿಗ್ಗೆಯೇ ಪೆರಂಬೂರಿಗೆ ಹೊರಟಳು.

ಗುಂಡಣ್ಣನಿಗೆ ಎಂಬತ್ತೊಂದು. ಕಾಲು ಬಿದ್ದುಹೋಗಿ ಗಾಲಿಕುರ್ಚಿ. ಉಷಾಳನ್ನು ಬಾಗಿಲಲ್ಲಿ ಕಂಡದ್ದೇ ಅವರ ಮುಖ ಬಿಳಿಚಿತು.

“ಬಾಮ್ಮ” ಎಂದರು. ಗಾಲಿ ಹಿಂದಕ್ಕೆ ಸರಿಸಿ ದಾರಿ ಬಿಟ್ಟು, “ಲಕ್ಷ್ಮಮ್ಮನೇ ಬಂದ್ರೇನೋ ಅಂದ್ಕೊಂಡೆ. ಪಾವನಾ, ಟ್ರಂಕ್ ತೆಗಿ. ಇನ್ನು ಎಷ್ಟು ದಿನ ಅಂತ ಬಚ್ಚಿಡ್ಲಿ” ಎಂದರು.

ಪುಸ್ತಕ ಬಂತು. ಪ್ರಾಂಪ್ಟರ್ ಪ್ರತಿ ಅಂದರೆ ಹಾಗೇ ಇರುತ್ತದೆ, ಅಚ್ಚಾದದ್ದಕ್ಕಿಂತ ಬರೆದದ್ದು ಹೆಚ್ಚು. ಗುಂಡಣ್ಣನದ್ದು ಒಂದು ಶಿಸ್ತು: ನಟರು ಎಲ್ಲಿ ಮಾತು ತಪ್ಪಿದರೋ ಅಲ್ಲಿ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ನಂಬರು ಹಾಕಿ, ಅವರು ಅಂದದ್ದನ್ನು ಅಂದ ಹಾಗೇ ಬರೆಯುವುದು. ನಾಟಕ ಮುಗಿದ ಮೇಲೆ ಒಬ್ಬೊಬ್ಬರನ್ನೂ ಕರೆದು ತಪ್ಪು ತೋರಿಸಬೇಕಲ್ಲ, ಅದಕ್ಕೆ.

ನಾಲ್ಕನೇ ಅಂಕದ ಕೊನೆಯ ಪುಟದಲ್ಲಿ ತಾರೀಕು ಇತ್ತು. ‘12-8-79. ಲಕ್ಷ್ಮಮ್ಮ. ಮೊದಲ ಸಲ: ತಪ್ಪಿಲ್ಲ.’ ಅದರ ಕೆಳಗೆ ಗೆರೆ ಎಳೆದು, ‘ಎರಡನೇ ಸಲ’ ಎಂದು ಬರೆದಿತ್ತು. ಉಷಾ ಕನ್ನಡಕ ಸರಿಮಾಡಿಕೊಂಡು ಓದಿದಳು.

‘1. ಓಲೆ ಹಿಡಿದು ಸುಮ್ಮನೆ ನಿಂತಳು. ಲೈನ್ ಕೊಟ್ಟೆ.

2. ಕುಮಾರಾ ಎನ್ನುವ ಕಡೆ ಸುಜೀ ಎಂದಳು.

3. ರಣರಂಗ ಎನ್ನುವ ಕಡೆ ಎಗ್ಮೋರ್ ಎಂದಳು. ಲೈನ್ ಕೊಟ್ಟೆ. ಮತ್ತೆ ಎಗ್ಮೋರ್.

4. ಆಟ ಅಲ್ಲ, ನಿಜ, ಬಿಡ್ರೇ. ನಾಟಕದಲ್ಲಿಲ್ಲ.

5. ನನ್ನ ಕಡೆ ತಿರುಗಿ ಗುಂಡಣ್ಣನೋರೇ ಎಂದು ಕರೆದಳು. ಹೀಗೆ ಮಾಡಕೂಡದು, ಹೇಳಬೇಕು.

6. ಸಖಿಯ ಕೈ ಕಚ್ಚಿದಳು.

7. ಸಭೆಯ ಕಡೆ ತಿರುಗಿ, ಉಷಾ, ನೀನಾದ್ರೂ ಓಡೇ ಎಂದಳು.’

ಅಷ್ಟು ಓದಿ ಉಷಾ ಪುಸ್ತಕವನ್ನು ತೊಡೆಯ ಮೇಲೆ ಕವುಚಿಟ್ಟಳು. ನೀನಾದ್ರೂ ಓಡೇ. ಅಮ್ಮ ಅವಳ ಹೆಸರು ಹಿಡಿದು ಕೂಗಿದ್ದಳು. ಅವಳು ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

“ಇದು ಯಾರಿಗೂ ಕೇಳಿಸಲಿಲ್ಲವಾ?” ಎಂದು ಕೇಳಿದಳು.

“ಹೇಗೆ ಕೇಳಿಸುತ್ತಮ್ಮ? ಆ ಸೀನಿಗೆ ಹಿಂದುಗಡೆ ನಗಾರಿ, ಕಹಳೆ. ಯುದ್ಧ ಹತ್ತಿರ ಬಂತು ಅಂತ ತೋರಿಸಕ್ಕೆ. ಜೊತೆಗೆ ಚಪ್ಪಾಳೆ. ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ ಕೇಳಿಸ್ತು.” ಗುಂಡಣ್ಣ ಒಂದೊಂದೇ ಮಾತು ಕಿತ್ತು ಕೊಡುವ ಹಾಗೆ ಹೇಳಿದರು. “ಭಾವ ಉಕ್ಕಿ ಲೈನ್ ತಪ್ಪಿದಾಳೆ ಅಂದ್ಕೊಂಡೆ. ಮನೆ ನೆನಪು ಮಾಡ್ಕೊಂಡು ಅಳು ಬರಿಸ್ಕೊಳ್ತಿದಾಳೆ ಅಂದ್ಕೊಂಡೆ. ಅವಳು ಎಗ್ಮೋರ್ ಅಂತಾಳೆ, ನಾನು ರಣರಂಗಕ್ಕೆ, ರಣರಂಗಕ್ಕೆ ಅಂತ ಕೂಗ್ತೀನಿ. ಕೋಪ ಬಂದಿತ್ತಮ್ಮ ನನಗೆ. ತಪ್ಪು ಬರೀತಾ ಇದ್ದೆ.”

“ಚೀಟಿ? ಚೀಟಿ ಅವಳ ಕೈಗೆ ಸ್ಟೇಜ್ ಮೇಲೆ ಹೇಗೆ ಹೋಯ್ತು?”

ಗುಂಡಣ್ಣ ಪಾವನಾಳಿಗೆ ಒಳಗೆ ಹೋಗೆಂದು ಸನ್ನೆ ಮಾಡಿದರು. ಅವಳು ಹೋಗಲಿಲ್ಲ.

“ನಾನೇ ಕಳಿಸಿದೆ. ಮೊದಲ ಸಲ ಓಲೆ ಹರಿದು ಬಿಸಾಕಿದ್ಳಲ್ಲ, ವನ್ಸ್ ಮೋರ್ ಅಂದಾಗ ಇನ್ನೊಂದು ಓಲೆ ಬೇಕಾಯ್ತು. ಎಲ್ಲೂ ಕಾಗದ ಇಲ್ಲ. ಅಷ್ಟರಲ್ಲಿ ವಾಚ್‌ಮನ್ ಒಂದು ಚೀಟಿ ತಂದು, ‘ರಾಣಿಯಮ್ಮಾವುಕ್ಕು’ ಅಂತ ಕೈಗಿಟ್ಟು ಹೋಗಿದ್ದ. ತಮಿಳಲ್ಲಿ ಬರೆದಿತ್ತು. ನನಗೆ ತಮಿಳು ಬಾಯಿಗೆ ಬರುತ್ತೆ, ಕಣ್ಣಿಗೆ ಬರಲ್ಲಮ್ಮ. ಕಾಲು ಹೋಗೋವರೆಗೂ ಬಸ್ಸು ಹತ್ತಿದ್ದು ನಂಬರ್ ನೋಡಿ. ಚೆನ್ನಾಗಿ ಆಡಿದರೆ ಜನ ಹಾಗೆ ಹೊಗಳಿ ಚೀಟಿ ಕಳಿಸೋರು, ಇದೂ ಅಂಥದ್ದೇ ಅಂದ್ಕೊಂಡೆ. ಹೇಗಿದ್ರೂ ಅವಳಿಗೇ ಸೇರಬೇಕಾದ್ದು, ಓಲೆಗೂ ಆಯ್ತು, ಅಂತ ದೂತನ ಕೈಗೆ ಕೊಟ್ಟೆ.”

ಲಕ್ಷ್ಮಮ್ಮ ಮದರಾಸಿನಲ್ಲೇ ಹುಟ್ಟಿ ಬೆಳೆದವಳು, ತಮಿಳು ಶಾಲೆಯಲ್ಲಿ ಓದಿದವಳು. ರಂಗದ ಮೇಲೆ, ಬೆಳಕಿನ ಕೆಳಗೆ, ಮಗ ಬಿದ್ದಿದ್ದಾನೆ ಎಂಬ ಓಲೆಯನ್ನು ಬಿಚ್ಚಿದಳು. ಮಾಮಿಯ ಕೈಬರಹ ಇತ್ತು.

“ಪರದೆ ಬಿದ್ದ ತಕ್ಷಣ ಆ ವೇಷದಲ್ಲೇ, ಕಿರೀಟದ ಸಮೇತ ರೋಡಿಗೆ ಓಡಿದ್ಳು” ಎಂದರು ಗುಂಡಣ್ಣ. “ಹೋಗೋ ಹೊತ್ತಿಗೆ ಮಗು ಹೋಗಿ ಕಾಲು ಗಂಟೆ ಆಗಿತ್ತಂತೆ. ಅವತ್ತು ಸಖಿ ವೇಷ ಹಾಕಿದ್ದು ನನ್ನ ಹೆಂಡ್ತಿ. ಅವಳ ಕೈ ಮೇಲೆ ಹಲ್ಲಿನ ಗುರುತು ಬಹಳ ದಿನ ಇತ್ತು. ‘ಏನ್ರೀ, ಅವಳು ನಿಜವಾಗ್ಲೂ ಬಿಡು ಅಂದ್ಳಾ’ ಅಂತ ಕೇಳಿ ಕೇಳಿ ಅತ್ತಳು. ಬಾಯಿ ಮುಚ್ಚಿಸ್ದೆ. ಹೇಳಿದ್ರೆ ನಾವೇ ಮಗೂನ ಕೊಂದ ಹಾಗಾಗಲ್ವಾ? ‘ಏನು ಅಭಿನಯ, ಏನು ವನ್ಸ್ ಮೋರ್’ ಅಂತ ಊರೆಲ್ಲ ಮೊದಲು ಹೊಗಳಿದವನು ನಾನೇ. ಹೊಗಳಿ ಹೊಗಳಿ ಅದನ್ನ ನಾಟಕವೇ ಮಾಡಿಬಿಟ್ಟೆ.”

“ಅಮ್ಮ ನಿಮ್ಮನ್ನ ಏನೂ ಕೇಳಲಿಲ್ವಾ?”

ಗುಂಡಣ್ಣ ಉಷಾಳ ಕಾಲ ಬುಡದ ನೆಲ ತೋರಿಸಿದರು.

“ಒಂದೇ ಸಲ. ತಿಂಗಳಾದ ಮೇಲೆ ಬಂದಿದ್ಳು. ಇಲ್ಲೇ, ನೀನು ಕೂತಿದೀಯಲ್ಲ, ಅಲ್ಲೇ ನಿಂತು, ‘ಗುಂಡಣ್ಣನೋರೇ, ನಾನು ಬಿಡಿ ಅಂದದ್ದು ನಿಮಗೆ ಕೇಳಿಸ್ತಲ್ವಾ? ಬಾಯಿ ಬಿಟ್ಟು ಅಂದೆನಾ, ಇಲ್ಲಾ ಮನಸ್ಸಲ್ಲೇ ಅಂದ್ಕೊಂಡೆನಾ? ನನಗೇ ಗೊತ್ತಾಗ್ತಿಲ್ಲ. ನಮ್ಮನೆಯವರಿಗೆ ಏನು ಹೇಳಲಿ’ ಅಂದ್ಳು. ನಾನು, ‘ಇಲ್ಲಮ್ಮ, ನೀವು ಲೈನ್ ಸರಿಯಾಗೇ ಹೇಳಿದ್ರಿ’ ಅಂದೆ.”

ಉಷಾ ಎದ್ದು ನಿಂತಳು. ವಯಸ್ಸಾದವರು, ಕಾಲಿಲ್ಲದವರು ಎಂಬುದೆಲ್ಲ ಮರೆತುಹೋಯಿತು.

“ನಿಮ್ಮ ನಾಲಿಗೆಗೆ ಬರೆ ಹಾಕಬೇಕಿತ್ತು ಕಣ್ರೀ! ಒಂದು ಮಾತು. ಒಂದೇ ಒಂದು ‘ಹೌದು’ ಅಂದಿದ್ರೆ ಅವಳು ಮನುಷ್ಯಳ ಹಾಗೆ ಬದುಕೋಳು. ಪುಸ್ತಕದಲ್ಲಿ ನಂಬರ್ ಹಾಕಿ ಬರೆದಿಟ್ಟುಕೊಂಡು, ಅವಳ ಮುಖಕ್ಕೆ ಇಲ್ಲ ಅಂದ್ರಲ್ಲ!”

“ಬೈಯಮ್ಮ. ಇಷ್ಟು ವರ್ಷ ಯಾರಾದ್ರೂ ಬೈಲಿ ಅಂತಾನೇ ಕಾಯ್ತಿದ್ದೆ” ಎಂದು ಗುಂಡಣ್ಣ ಮುಖ ಮುಚ್ಚಿಕೊಂಡರು.

ಬೈಯಲು ಅವಳಲ್ಲಿ ಬೇಕಾದಷ್ಟಿತ್ತು. ಆದರೆ ಆ ಹೊತ್ತಿಗೆ ಬೇರೆಯದೇ ಒಂದು ನೆನಪಾಯಿತು. ಅಮ್ಮನ ಕೊನೆಯ ಎರಡು ವರ್ಷ. ಮರೆವು ಬಂದು ಎಲ್ಲ ಅಳಿಸಿಹೋಗಿತ್ತು, ಮಗಳ ಹೆಸರು ಕೂಡ. ಸಂಜೆ ಏಳು ಗಂಟೆ ಆಯಿತೆಂದರೆ ಮಾತ್ರ ಅಮ್ಮ ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಚಿಲಕ ಎಳೆಯುತ್ತಿದ್ದಳು. “ಬಿಡು, ಹೋಗ್ಬೇಕು, ಬಿಡೇ” ಎನ್ನುತ್ತಿದ್ದಳು. ಉಷಾ ಆಫೀಸಿನಿಂದ ಸುಸ್ತಾಗಿ ಬಂದವಳು, ಎರಡೂ ತೋಳು ಬಿಗಿಯಾಗಿ ಹಿಡಿದು, “ಎಲ್ಲಿಗೂ ಹೋಗೋದು ಬೇಡ, ಸುಮ್ಮನೆ ಕೂತ್ಕೋ” ಎಂದು ಕುರ್ಚಿಗೆ ತಳ್ಳುತ್ತಿದ್ದಳು. ಎರಡು ವರ್ಷ, ದಿನಾ ಸಂಜೆ. ಗುಂಡಣ್ಣನ ಹೆಂಡತಿ ಹಿಡಿದದ್ದು ಹತ್ತು ನಿಮಿಷ.

ಅವಳು ಆ ಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಪಾವನಾ ನೀರು ತಂದುಕೊಟ್ಟಳು. ಯಾರೂ ಯಾರಿಗೂ ಸಮಾಧಾನ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಹೊರಡುವಾಗ ಉಷಾ ಪುಸ್ತಕ ಕೈಗೆತ್ತಿಕೊಂಡಳು. “ನಾಟಕದ ದಿನ ನೀವು ಬರಬೇಕು” ಎಂದಳು. “ಬಲಗಡೆ ವಿಂಗಿನಲ್ಲಿ, ನಿಮ್ಮ ಜಾಗದಲ್ಲೇ. ಲೈನ್ ನೀವೇ ಕೊಡಬೇಕು.”

ಶ್ರೀಕಾಂತನಿಗೆ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಇನ್ವಿಟೇಷನ್ನಿನಲ್ಲಿ ಹಾಕುತ್ತಿದ್ದ, ಪುಣ್ಯಾತ್ಮ. ಎರಡನೇ ಸಖಿಯ ಹುಡುಗಿಗೆ ಹೇಗೂ ಆಫೀಸಿನ ಶಿಫ್ಟು ಅಡ್ಡ ಬಂದಿತ್ತು. “ಅವಳ ಬದಲು ನಾನೇ ನಿಲ್ತೀನಿ” ಎಂದಳು ಉಷಾ. ಐವತ್ತೈದು ವರ್ಷದ ಸಖಿ ಎಂದು ಹುಡುಗಿಯರು ನಕ್ಕರು, ಅವಳೂ ನಕ್ಕಳು. ನಾಟಕವನ್ನು ಅಚ್ಚಾದ ಹಾಗೆಯೇ ಕಲಿಸಿದಳು, ಒಂದಕ್ಷರ ಬದಲಿಸಲಿಲ್ಲ. ಅಕ್ಷಯಾ ಆಗಾಗ ಬಲಗಡೆ ಕಿವಿ ಕೊಟ್ಟು ನಿಲ್ಲುವುದು ಮಾತ್ರ ತಪ್ಪಲಿಲ್ಲ.

“ಇವತ್ತೂ ಕೇಳಿಸ್ತಾ?” ಎಂದು ಉಷಾ ಕೇಳುವಳು.

“ಆಮಾ ಆಂಟಿ. ಇವತ್ತು ಒಂದು ಲೇಡಿ ಕೂಡ. ಅವರು ಏನು ಹೇಳ್ತಾರೋ ಪುರಿಯಲೆ, ಡ್ರಮ್ ಸೌಂಡ್ ಜಾಸ್ತಿ.”

ತಾಲೀಮಿಗೆ ಅವರು ಡ್ರಮ್ ಇಟ್ಟೇ ಇರಲಿಲ್ಲ.

ಭಾನುವಾರ ಸಂಜೆ ಐದಕ್ಕೆ ಕಾರ್ಯಕ್ರಮ. ಸಭೆಯಲ್ಲಿ ಇನ್ನೂರು ಜನ, ಮುಂದಿನ ಸಾಲಿನಲ್ಲಿ ಕೂಟದ ಹಿರಿಯರು. ಶ್ರೀಕಾಂತ್ ಮೈಕ್ ಹಿಡಿದು, ಲಕ್ಷ್ಮಮ್ಮನ ಅಮೋಘ ಅಭಿನಯದ ಬಗ್ಗೆ ಐದು ನಿಮಿಷ ಮಾತಾಡಿದ. ತಾನು ಹುಟ್ಟುವ ಮೊದಲೇ ಆದದ್ದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ. ಬಲಗಡೆಯ ಪರದೆಯ ಮರೆಯಲ್ಲಿ ಗಾಲಿಕುರ್ಚಿಯ ಮೇಲೆ ಗುಂಡಣ್ಣ ಕೂತಿದ್ದರು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲು. ಪರದೆ ಎದ್ದಿತು.

ಅಕ್ಷಯಾ ಓಲೆ ಓದಿದಳು, ಹರಿದೆಸೆದಳು. ನಗಾರಿ ಶುರುವಾಯಿತು. ಓಡಲು ಹೊರಟವಳನ್ನು ಆ ಕಡೆಯಿಂದ ಪಾವನಾ, ಈ ಕಡೆಯಿಂದ ಉಷಾ ಹಿಡಿದರು. ಕೈಯೊಳಗೆ ಸಿಕ್ಕ ತೋಳು ಬೆಚ್ಚಗಿತ್ತು, ಎಳೆಯದಾಗಿತ್ತು. ಆದರೆ ಎಳೆತ ಉಷಾಳಿಗೆ ಗುರುತಿನದ್ದು. ಬಾಗಿಲ ಹತ್ತಿರ ದಿನಾ ಸಂಜೆ ಅಮ್ಮ ಹೀಗೇ ಎಳೆಯುತ್ತಿದ್ದಳು, ಮೊದಲು ಭುಜದಿಂದ, ಆಮೇಲೆ ಇಡೀ ಮೈಯಿಂದ.

“ಬಿಡಿರಿ ಸಖಿಯರೇ! ಹೆತ್ತ ಕರುಳಿಗೆ ಕಾವಲೇ? ಒಯ್ಯಿರಿ ನನ್ನನ್ನು...” ಎಂದ ಅಕ್ಷಯಾ ಅಲ್ಲೇ ನಿಂತಳು. ಬಲಗಡೆಗೆ ತಿರುಗಿ ಗುಂಡಣ್ಣನನ್ನು ನೋಡಿದಳು. ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ.

ಗುಂಡಣ್ಣ ಲೈನ್ ಕೊಡಲು ಬಾಯಿ ತೆರೆದರು. ಕೊಡಲಿಲ್ಲ. ಪುಸ್ತಕ ಮುಚ್ಚಿದರು.

‘ಬಿಡಲಾರೆವು ತಾಯಿ, ಅರಸರ ಆಣೆಯಿದೆ’ ಎಂಬುದು ಸಖಿಯ ಮಾತು. ಉಷಾ ಅದನ್ನು ಆಡಲಿಲ್ಲ. ಹಿಡಿದ ತೋಳನ್ನು ಬಿಟ್ಟಳು.

“ಹೋಗಮ್ಮ” ಎಂದಳು. “ಮಗು ಕಾಯ್ತಿದೆ, ಓಡು.”

ಪಾವನಾ ಗಾಬರಿಯಾಗಿ ಇನ್ನೂ ಬಿಗಿಯಾಗಿ ಹಿಡಿದಳು. ಕಲಿಸಿದ್ದು ಹಾಗೆ, ಪಾಪ. ಉಷಾ ಅವಳ ಹತ್ತಿರ ಹೋಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. “ಬಿಡೇ ಪಾವನಾ. ಬಿಡು. ನಿಜವಾಗ್ಲೂ ಬಿಡು ಅಂತಿದಾಳೆ, ಕೇಳಿಸ್ತಿಲ್ವಾ?”

ಕೊನೆಯ ಬೆರಳು ಬಿಟ್ಟಿತು. ಅಕ್ಷಯಾ ಒಂದು ಕ್ಷಣ ಏನೂ ತೋಚದೆ ನಿಂತಳು. ಆಮೇಲೆ ಸೆರಗು ಹಿಡಿದು, ನಗಾರಿಯವನನ್ನು ದಾಟಿ, ಗುಂಡಣ್ಣನ ಗಾಲಿಕುರ್ಚಿಯ ಪಕ್ಕದಿಂದ, ತೆರೆದಿದ್ದ ಹಿಂಬಾಗಿಲಿನಿಂದ ಬೀದಿಗೆ ಓಡಿದಳು. ಅವಳ ಹಿಂದೆಯೇ ಇನ್ನೊಬ್ಬರು ಓಡಿದ ಹೆಜ್ಜೆಯ ಸದ್ದು ಉಷಾಳಿಗೆ ಕೇಳಿಸಿತು.

ಯಾರೂ ತಡೆಯಲಿಲ್ಲ.